ಹೀಲಿಯಂನೊಳಗೆ ಸದ್ದು ಒಡೆಯುವುದು ಯಾವಾಗ? ಕ್ವಾಂಟಮ್ ಮಾತಿನ ನಡುವೆ ಕೇಳಬೇಕಾದ ಪ್ರಶ್ನೆ

ಕ್ವಾಂಟಮ್ ಎಂಬ ಪದ ಈಗ ಪಠ್ಯಪುಸ್ತಕ ದಾಟಿ ಸರ್ಕಾರದ ಯೋಜನೆಗಳಿಗೆ ಬಂದಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಮೊತ್ತ 6,003.65 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳಲ್ಲಿ ಕಂಪ್ಯೂಟಿಂಗ್‌ಗೆ ಮೀಸಲಾದದ್ದು ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳಲ್ಲಿ ಬಿಎಸ್ಸಿ ಓದುವ ಮಕ್ಕಳೂ ಈಗ ಕ್ಯೂಬಿಟ್ (ಕ್ವಾಂಟಮ್ ಕಂಪ್ಯೂಟರ್‌ನ ಚಿಪ್ಪಿನಲ್ಲಿ ಲೆಕ್ಕ ಮಾಡುವ ಘಟಕ) ಬಗ್ಗೆ ಕೇಳುತ್ತಾರೆ. ಒಳ್ಳೆಯದೇ. ಆದರೆ ಆ ಚಿಪ್ಪನ್ನು ಅಷ್ಟು ತಣ್ಣಗೆ ಇಡುವುದು ಯಾವುದು, ಆ ತಂಪಿನ ಒಳಗೆ ಏನು ನಡೆಯುತ್ತಿದೆ ಎಂದು ಕೇಳುವವರು ಕಡಿಮೆ.

ತಣ್ಣಗಿಡುವುದು ಹೀಲಿಯಂ. ತಡೆಯಿಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್‌ಗಳು ಕೆಲಸ ಮಾಡುವುದು ಒಂದು ಕೆಲ್ವಿನ್‌ನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ (ಸೊನ್ನೆ ಕೆಲ್ವಿನ್ ಎಂದರೆ ಸುಮಾರು ಮೈನಸ್ 273 ಡಿಗ್ರಿ ಸೆಲ್ಸಿಯಸ್). ಅಲ್ಲಿಗೆ ಕರೆದೊಯ್ಯುವ ಯಂತ್ರ ದ್ರವ ಹೀಲಿಯಂ ಮೇಲೆಯೇ ನಿಂತಿದೆ. ಇನ್ನೊಂದು ಕಡೆ, ಬ್ರಹ್ಮಾಂಡದ ಕಾಣದ ವಸ್ತುವಾದ ಡಾರ್ಕ್ ಮ್ಯಾಟರ್ ಹಿಡಿಯಲು ಹೊರಟ ಕೆಲವು ತಂಡಗಳು ಅದೇ ದ್ರವ ಹೀಲಿಯಂ ಅನ್ನು ಬಲೆಯಾಗಿ ಬಳಸಲು ಹೊರಟಿವೆ. ಎರಡೂ ಕಡೆ ಮುಖ್ಯ ಪಾತ್ರ ಫೋನಾನ್‌ನದು. ಅಂದರೆ ಸದ್ದಿನ ಅಲೆಯ ಅತಿ ಚಿಕ್ಕ ಕಂತು.

ನನ್ನ ಮಾತು ಇಷ್ಟೇ. ದ್ರವ ಹೀಲಿಯಂನಲ್ಲಿ ಒಂದು ಫೋನಾನ್ ದೂರ ಹೋಗುತ್ತದೋ, ದಾರಿಯಲ್ಲೇ ಚೂರಾಗುತ್ತದೋ ಎಂಬುದನ್ನು ತೀರ್ಮಾನಿಸುವುದು ಗ್ರಾಫಿನ ಮೇಲಿನ ಒಂದು ಗೆರೆಯ ಬಾಗು. ಅದೂ ಕೆಲವೇ ಶೇಕಡಾದಷ್ಟು ಬಾಗು. ಅದನ್ನು ಸರಿಯಾಗಿ ಗುರುತಿಸಲು ಭೌತವಿಜ್ಞಾನಿಗಳಿಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಇವತ್ತಿನ ದೊಡ್ಡ ಪ್ರಯೋಗಗಳ ವಿನ್ಯಾಸ ಅದರ ಮೇಲೆಯೇ ನಿಂತಿದೆ. ಕ್ವಾಂಟಮ್ ಬಗ್ಗೆ ಇಷ್ಟು ಮಾತಾಡುವಾಗ ಈ ಸಂಗತಿಗೂ ಜಾಗ ಬೇಕಲ್ವಾ?

ಮೊದಲು ಹೀಲಿಯಂ ಬಗ್ಗೆ ಸ್ವಲ್ಪ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ದಖ್ಖನ್ ಮೇಲೆ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸ್‌ನ ಜಾನ್ಸೆನ್, ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಸೂರ್ಯನ ಅಂಚಿನ ಬೆಳಕನ್ನು ಬಿಡಿಸಿ ನೋಡಿದರು. ಅದೇ ವರ್ಷ ಇಂಗ್ಲೆಂಡ್‌ನ ಲಾಕಿಯರ್ ಸೂರ್ಯನ ಬೆಳಕಿನಲ್ಲಿ ಕಂಡ ಹಳದಿ ಗೆರೆಯೊಂದು ಯಾವ ಪರಿಚಿತ ಧಾತುವಿಗೂ ಹೊಂದಲಿಲ್ಲ. ಅದೇ ಹೀಲಿಯಂ. ಭೂಮಿಯ ಮೇಲೆ ಅದು ರಾಮ್ಸೆ ಕೈಗೆ ಸಿಕ್ಕಿದ್ದು 1895ರಲ್ಲಿ. 1908ರ ಜುಲೈ 10ರಂದು ಹಾಲೆಂಡ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಅದನ್ನು ದ್ರವ ಮಾಡಿದರು. ಕುದಿಯುವ ಬಿಂದು 4.2 ಕೆಲ್ವಿನ್, ಅಂದರೆ ಮೈನಸ್ 269 ಡಿಗ್ರಿ ಸೆಲ್ಸಿಯಸ್.

ಇನ್ನೂ ತಣ್ಣಗೆ ಮಾಡಿದರೆ, 2.17 ಕೆಲ್ವಿನ್ ಕೆಳಗೆ, ಅದರ ಗುಣವೇ ಬದಲಾಗುತ್ತದೆ. ಅದು ಸೂಪರ್‌ಫ್ಲೂಯಿಡ್ ಆಗುತ್ತದೆ. ಕೂದಲಿಗಿಂತ ತೆಳ್ಳಗಿನ ಸಂದಿಯಲ್ಲೂ ತಡೆಯಿಲ್ಲದೆ ಹರಿಯುತ್ತದೆ. ಇದನ್ನು 1938ರ ಜನವರಿಯಲ್ಲಿ ಮಾಸ್ಕೋದ ಕಪಿತ್ಸಾ ಮತ್ತು ಕೇಂಬ್ರಿಜ್‌ನ ಅಲೆನ್, ಮಿಸೆನರ್ ಬೇರೆ ಬೇರೆಯಾಗಿ ಪ್ರಕಟಿಸಿದರು. ಅದೇ ವರ್ಷ ಸ್ಟಾಲಿನ್ ಆಡಳಿತ ಲೆವ್ ಲಾಂಡೌ ಅವರನ್ನು ಜೈಲಿಗೆ ಹಾಕಿತು. ಈ ವಿಚಿತ್ರ ದ್ರವವನ್ನು ಅರ್ಥಮಾಡಿಕೊಳ್ಳಲು ಲಾಂಡೌ ಬೇಕೇ ಬೇಕು ಎಂದು ಕಪಿತ್ಸಾ ಅಧಿಕಾರಿಗಳಿಗೆ ಪತ್ರ ಬರೆದರು. 1939ರಲ್ಲಿ ಲಾಂಡೌ ಹೊರಬಂದರು. 1941ರಲ್ಲಿ ಸಿದ್ಧಾಂತ ಕೊಟ್ಟರು. ಆ ಪತ್ರ ಬರೆಯಲು ಎಷ್ಟು ಧೈರ್ಯ ಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಲಾಂಡೌ ಹೇಳಿದ್ದು ಹೀಗೆ. ಈ ದ್ರವದಲ್ಲಿ ಶಾಖ ಎಂದರೆ ಒಂದೊಂದು ಪರಮಾಣುವಿನ ಕುಣಿತ ಅಲ್ಲ. ಇಡೀ ದ್ರವ ಒಟ್ಟಾಗಿ ನಡುಗುವ ಅಲೆಗಳು. ಉದ್ದ ಅಲೆಯವು ಫೋನಾನ್‌ಗಳು. ಪರಮಾಣುಗಳ ನಡುವಿನ ಅಂತರದಷ್ಟೇ ಚಿಕ್ಕ ಅಲೆಯವು ರೋಟಾನ್‌ಗಳು. ಒಂದು ರೋಟಾನ್ ಹುಟ್ಟಲು ಕನಿಷ್ಠ 8.65 ಕೆಲ್ವಿನ್‌ನಷ್ಟು ಶಕ್ತಿ ಬೇಕು (ಇಷ್ಟು ಸಣ್ಣ ಶಕ್ತಿಯನ್ನು ಉಷ್ಣತೆಯ ಅಳತೆಯಲ್ಲೇ ಹೇಳುವುದು ಇಲ್ಲಿನ ರೂಢಿ). ಹಾಗಾಗಿ ಒಂದು ಕೆಲ್ವಿನ್ ಮೇಲೆ ರೋಟಾನ್‌ಗಳ ಕಾರುಬಾರು. ಸುಮಾರು 0.6 ಕೆಲ್ವಿನ್ ಕೆಳಗೆ ಉಳಿಯುವುದು ಫೋನಾನ್‌ಗಳು ಮಾತ್ರ. ಅವುಗಳ ವೇಗ ಸೆಕೆಂಡಿಗೆ 238 ಮೀಟರ್. ಗಾಳಿಯಲ್ಲಿ ಸದ್ದು ಹೋಗುವುದಕ್ಕಿಂತಲೂ ನಿಧಾನ.

ಬಿಎಸ್ಸಿಯಲ್ಲಿ ಫೋನಾನ್ ಬರುವುದು ಘನವಸ್ತುಗಳ ಪಾಠದಲ್ಲಿ. ಹರಳಿನ ಜಾಲ, ಡಿಬೈ ಸೂತ್ರ, ಉಷ್ಣತೆಯ ಘನಕ್ಕೆ ತಕ್ಕಂತೆ ಏರುವ ಶಾಖಧಾರಣೆ, ಅಲ್ಲಿಗೆ ಮುಗಿಯಿತು. ಆದ್ದರಿಂದ ದ್ರವದಲ್ಲಿ ಫೋನಾನ್ ಎಂದರೆ ಮಕ್ಕಳು ಗಲಿಬಿಲಿಗೊಳ್ಳುತ್ತಾರೆ. ಶಿರಸಿಯ ಒಬ್ಬ ವಿದ್ಯಾರ್ಥಿನಿ ನೇರವಾಗಿಯೇ ಕೇಳಿದ್ದಳು: "ಸರ್, ಫೋನಾನ್ ನಿಜವಾಗ್ಲೂ ಇರತ್ತಾ, ಇಲ್ಲಾ ಲೆಕ್ಕಕ್ಕೆ ಅಂತ ಸುಮ್ನೆ ಇಟ್ಕೊಂಡಿದ್ದಾ?" ಈ ಪ್ರಶ್ನೆಗೆ ಉತ್ತರ ಕೊಡಲು ದ್ರವ ಹೀಲಿಯಂಗಿಂತ ಒಳ್ಳೆಯ ಜಾಗ ಇಲ್ಲ. ಹರಳಿನಲ್ಲಿ ದೋಷಗಳಿರುತ್ತವೆ, ಬೆರಕೆ ಇರುತ್ತದೆ, ದಿಕ್ಕಿಗೊಂದು ವೇಗ ಇರುತ್ತದೆ. ಅಷ್ಟು ತಂಪಿನ ಹೀಲಿಯಂನಲ್ಲಿ ಬೇರೆಲ್ಲವೂ ಗಟ್ಟಿಯಾಗಿ ಗೋಡೆಗೆ ಅಂಟಿಬಿಡುತ್ತದೆ. ಉಳಿಯುವ ಏಕೈಕ ಬೆರಕೆ ಹೀಲಿಯಂನದೇ ಹಗುರ ರೂಪವಾದ ಹೀಲಿಯಂ-3, ಅದೂ ನೈಸರ್ಗಿಕ ಅನಿಲದ ಬಾವಿಯಿಂದ ಬರುವ ಹೀಲಿಯಂನಲ್ಲಿ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಡಿಮೆ. ಅದನ್ನೂ ತೆಗೆದುಹಾಕಬಹುದು. ಆಮೇಲೆ ಫೋನಾನ್‌ಗೆ ಸಿಗುವುದು ಇನ್ನೊಂದು ಫೋನಾನ್ ಮಾತ್ರ.

ಹಾಗಾದರೆ ಎರಡು ಫೋನಾನ್‌ಗಳ ನಡುವೆ ಏನಾಗುತ್ತದೆ? ಒಂದು ಗ್ರಾಫ್ ಊಹಿಸಿಕೊಳ್ಳಿ. ಅಡ್ಡ ಗೆರೆಯಲ್ಲಿ ಫೋನಾನ್‌ನ ಸಂವೇಗ, ನೆಟ್ಟಗಿನ ಗೆರೆಯಲ್ಲಿ ಅದರ ಶಕ್ತಿ. ಒಂದು ಫೋನಾನ್ ಎರಡಾಗಿ ಒಡೆಯಬೇಕಾದರೆ ಸಂವೇಗವೂ ಉಳಿಯಬೇಕು, ಶಕ್ತಿಯೂ ಉಳಿಯಬೇಕು. ಗ್ರಾಫಿನ ಗೆರೆ ಮೇಲಕ್ಕೆ ಬಾಗಿದ್ದರೆ ದೊಡ್ಡ ಫೋನಾನ್‌ನ ಶಕ್ತಿ ಅದರ ಎರಡು ತುಂಡುಗಳ ಒಟ್ಟು ಶಕ್ತಿಗಿಂತ ಸ್ವಲ್ಪ ಜಾಸ್ತಿ. ಆ ಹೆಚ್ಚುವರಿಯನ್ನು ಬಳಸಿಕೊಂಡು ತುಂಡುಗಳು ಒಂದಕ್ಕೊಂದು ಚಿಕ್ಕ ಕೋನದಲ್ಲಿ ಅಗಲುತ್ತವೆ. ಲೆಕ್ಕ ಸರಿಹೋಗುತ್ತದೆ, ಫೋನಾನ್ ಒಡೆಯುತ್ತದೆ. ಗೆರೆ ಕೆಳಕ್ಕೆ ಬಾಗಿದ್ದರೆ ದೊಡ್ಡ ಫೋನಾನ್‌ನ ಶಕ್ತಿ ತುಂಡುಗಳಿಗೆ ಸಾಲುವುದಿಲ್ಲ. ಅದು ತಾನಾಗಿ ಒಡೆಯಲಾರದು. ಇನ್ನೊಂದಕ್ಕೆ ಡಿಕ್ಕಿ ಹೊಡೆದರೆ ಮಾತ್ರ, ಎರಡು ಸೇರಿ ಮತ್ತೆ ಎರಡಾಗಿ ಹೊರಬರಬಹುದು. ಮೊದಲನೆಯದು ಮೂರು ಫೋನಾನ್‌ಗಳ ಕ್ರಿಯೆ. ಎರಡನೆಯದು ನಾಲ್ಕು ಫೋನಾನ್‌ಗಳದ್ದು.

ಇದಕ್ಕೆ ನಮ್ಮ ಕಡಲಿನಲ್ಲೇ ಒಂದು ಜೋಡಿ ಇದೆ. ಸುಮ್ಮನೆ ಹೋಲಿಕೆಗೆ ಹೇಳುತ್ತಿಲ್ಲ, ಗಣಿತವೇ ಒಂದು. ಕಾರವಾರದ ಬೈತಖೋಲ್ ಬಂದರಿನಿಂದ ದೋಣಿ ಬಿಡುವವರು ಗಾಳಿಯೇ ಇಲ್ಲದ ದಿನವೂ ಉದ್ದುದ್ದ ಅಲೆ ಬರುವುದನ್ನು ನೋಡಿರುತ್ತಾರೆ. ಅವು ಎಷ್ಟೋ ಸಲ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಹುಟ್ಟಿದವು. ಹದಿನೈದು ಸೆಕೆಂಡಿಗೊಂದರಂತೆ ಬರುವ ಅಲೆಗಳ ಗುಂಪು ಆಳದ ನೀರಿನಲ್ಲಿ ಸೆಕೆಂಡಿಗೆ ಸುಮಾರು 12 ಮೀಟರ್ ಸಾಗುತ್ತದೆ. ಆರು ಸಾವಿರ ಕಿಲೋಮೀಟರ್ ದಾಟಲು ಐದಾರು ದಿನ. ಅಷ್ಟು ದಿನ ಅವು ಚಿಂದಿಯಾಗದೆ ಉಳಿಯುವುದಕ್ಕೆ ಒಂದು ಕಾರಣ, ಆಳದ ನೀರಿನ ಉದ್ದ ಅಲೆಗಳ ಗ್ರಾಫ್ ಕೆಳಕ್ಕೆ ಬಾಗಿರುವುದು. ಒಂದು ಅಲೆ ಎರಡಾಗಿ ಒಡೆಯಲು ಲೆಕ್ಕ ಒಪ್ಪುವುದಿಲ್ಲ. ಇದನ್ನು 1960ರಲ್ಲಿ ಫಿಲಿಪ್ಸ್ ತೋರಿಸಿದರು. 1962ರಲ್ಲಿ ಹಾಸೆಲ್‌ಮನ್ ನಾಲ್ಕು ಅಲೆಗಳ ನಡುವಿನ ಕೊಡುಕೊಳ್ಳುವಿಕೆಯ ಸೂತ್ರ ಬರೆದರು. ಇವತ್ತು ಕರಾವಳಿಗೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುವ ಕಂಪ್ಯೂಟರ್ ಮಾದರಿಗಳ ಒಳಗೆ ಆ ನಾಲ್ಕು ಅಲೆಗಳ ಲೆಕ್ಕ ಇದೆ. ಅದೇ ಕಡಲಿನ ಮೇಲೆ ಗಾಳಿ ಎಬ್ಬಿಸುವ ಒಂದೆರಡು ಸೆಂಟಿಮೀಟರ್‌ನ ಕಿರುಅಲೆಗಳಿಗೆ ನೀರಿನ ಮೇಲ್ಮೈ ಬಿಗಿತ ಮುಖ್ಯ. ಅವುಗಳ ಗ್ರಾಫ್ ಮೇಲಕ್ಕೆ ಬಾಗುತ್ತದೆ. ಅಲ್ಲಿ ಮೂರು ಅಲೆಗಳ ಕ್ರಿಯೆ ಸಲೀಸು. ಅವು ಬೇಗ ಬೇಗ ಒಂದರೊಳಗೊಂದು ಬೆರೆತು ರೂಪ ಬದಲಿಸುತ್ತವೆ.

ಹೀಲಿಯಂನ ಗೆರೆ ಯಾವ ಕಡೆಗೆ ಬಾಗಿದೆ? 1949ರಲ್ಲಿ ಲಾಂಡೌ ಮತ್ತು ಖಲಾತ್ನಿಕೋವ್ ಫೋನಾನ್‌ಗಳ ಡಿಕ್ಕಿಯ ಲೆಕ್ಕ ಮಾಡಿದಾಗ ಅದು ಕೆಳಕ್ಕೆ ಬಾಗಿದೆ ಎಂದೇ ಹಿಡಿದರು. ಅದು ಸಹಜವಾದ ಊಹೆ. ಮುಂದೆ ಆ ಗೆರೆ ಒಂದು ಗುಡ್ಡ ಹತ್ತಿ, ರೋಟಾನ್‌ನ ತಗ್ಗಿಗೆ ಇಳಿಯುತ್ತದೆ. ಹಾಗಾದರೆ ಮೊದಲಿನಿಂದಲೇ ಕೆಳಕ್ಕೆ ಬಾಗುತ್ತಿರಬೇಕು ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಪ್ರಯೋಗದವರು ತಣ್ಣನೆಯ ಹೀಲಿಯಂನಲ್ಲಿ ಅಲ್ಟ್ರಾಸೌಂಡ್ ಬಿಟ್ಟು ನೋಡಿದಾಗ ಸದ್ದು ಸಿದ್ಧಾಂತ ಹೇಳಿದ್ದಕ್ಕಿಂತ ಬೇಗ ಕುಗ್ಗುತ್ತಿತ್ತು. ಏನೋ ಅದನ್ನು ನುಂಗುತ್ತಿತ್ತು. ಈ ಗಂಟು ವರ್ಷಗಟ್ಟಲೆ ಬಿಡಿಸಲಾಗದೆ ಉಳಿಯಿತು.

1970ರಲ್ಲಿ ಮಾರಿಸ್ ಮತ್ತು ಮ್ಯಾಸಿ ಒಂದು ಸರಳ ಮಾತು ಹೇಳಿದರು. ಗೆರೆ ಮೊದಲು ಮೇಲಕ್ಕೆ ಬಾಗುತ್ತದೆ, ಆಮೇಲೆ ಕೆಳಕ್ಕೆ ಎಂದು ಇಟ್ಟುಕೊಳ್ಳಿ. ಆಗ ಮೂರು ಫೋನಾನ್‌ಗಳ ಕ್ರಿಯೆಗೆ ಬಾಗಿಲು ತೆರೆಯುತ್ತದೆ. ಅಲ್ಟ್ರಾಸೌಂಡ್‌ನ ಫೋನಾನ್, ದ್ರವದಲ್ಲಿ ಆಗಲೇ ಇರುವ ಶಾಖದ ಫೋನಾನ್ ಜೊತೆ ಸೇರಿಕೊಂಡು ಮಾಯವಾಗಬಹುದು. ಅಳತೆಗಳು ಹೊಂದಿದವು. ಆಮೇಲೆ ಬಂದ ಶಾಖಧಾರಣೆಯ ಅಳತೆ, ನ್ಯೂಟ್ರಾನ್ ಚದುರಿಕೆಯ ಪ್ರಯೋಗಗಳು ಅದನ್ನು ಗಟ್ಟಿ ಮಾಡಿದವು. ಫ್ರಾನ್ಸ್‌ನ ಗ್ರೆನೋಬಲ್‌ನ ನ್ಯೂಟ್ರಾನ್ ಕೇಂದ್ರದಲ್ಲಿ ಈ ಗೆರೆಯನ್ನು ಮತ್ತೆ ಅತಿ ನಿಖರವಾಗಿ ಅಳೆದು 2021ರಲ್ಲಿ ಪ್ರಕಟಿಸಿದ್ದಾರೆ. ಎಂಬತ್ತು ವರ್ಷ ಹಳೆಯ ಗ್ರಾಫನ್ನು ಇನ್ನೂ ತಿದ್ದಿ ತೀಡುತ್ತಿದ್ದಾರೆ ಎಂದರೆ ಅದು ಮುಗಿದ ಅಧ್ಯಾಯ ಅಲ್ಲ ಎಂದೇ ಅರ್ಥ.

ಈ ಕೋನದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬಾಗು ಕಡಿಮೆ, ಹಾಗಾಗಿ ಒಡೆದ ತುಂಡುಗಳು ಅಗಲುವ ಕೋನವೂ ಕೆಲವೇ ಡಿಗ್ರಿ. ಅಂದರೆ ಒಂದೇ ದಿಕ್ಕಿಗೆ ಹೋಗುತ್ತಿರುವ ಫೋನಾನ್‌ಗಳು ತಮ್ಮತಮ್ಮಲ್ಲಿ ಶಕ್ತಿಯನ್ನು ಬಹಳ ಬೇಗ ಹಂಚಿಕೊಳ್ಳುತ್ತವೆ, ಆದರೆ ದಿಕ್ಕು ಬಿಡುವುದು ನಿಧಾನ. ಹಿಂದಕ್ಕೆ ತಿರುಗಬೇಕಾದರೆ ಸಣ್ಣ ಸಣ್ಣ ತಿರುವು ಬಹಳ ಬೇಕು, ಇಲ್ಲವೇ ಅಪರೂಪದ ನಾಲ್ಕು ಫೋನಾನ್ ಡಿಕ್ಕಿ ಆಗಬೇಕು. ಶಾಖ ಎಂದರೆ ಎಲ್ಲ ಕಡೆ ಹರಡುವುದು ಎಂದು ನಾವು ಕಲಿತಿರುತ್ತೇವೆ. ಇಲ್ಲಿ ಶಾಖ ಟಾರ್ಚಿನ ಬೆಳಕಿನಂತೆ ಗುರಿ ಇಟ್ಟು ಹೋಗುತ್ತದೆ.

ಇದನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಇಂಗ್ಲೆಂಡ್‌ನ ಎಕ್ಸಿಟರ್ ವಿಶ್ವವಿದ್ಯಾಲಯದಲ್ಲಿ ಆಡ್ರಿಯನ್ ವಯಟ್ ಅವರ ತಂಡ. ತೀರಾ ತಣ್ಣಗಿನ, ಬೆರಕೆ ಇಲ್ಲದ ಹೀಲಿಯಂನಲ್ಲಿ ತೆಳ್ಳಗಿನ ಲೋಹದ ಪದರಕ್ಕೆ ಅರೆಕ್ಷಣ ವಿದ್ಯುತ್ ಕೊಟ್ಟು ಶಾಖದ ಒಂದು ಮಿಡಿತ ಹೊರಡಿಸುತ್ತಾರೆ. ಎದುರಿಗೆ ಸೂಕ್ಷ್ಮ ಉಷ್ಣಮಾಪಕ. ಒಂದೇ ಮಿಡಿತ ಬಿಟ್ಟರೂ ತಲುಪುವುದು ಎರಡು. ಮೊದಲು ಕಡಿಮೆ ಶಕ್ತಿಯ ಫೋನಾನ್‌ಗಳು, ಸೆಕೆಂಡಿಗೆ 238 ಮೀಟರ್ ವೇಗದಲ್ಲಿ. ಸ್ವಲ್ಪ ತಡವಾಗಿ ಹೆಚ್ಚು ಶಕ್ತಿಯವು, ಸುಮಾರು 189 ಮೀಟರ್ ವೇಗದಲ್ಲಿ. ಒಂದು ಸೆಂಟಿಮೀಟರ್ ದೂರಕ್ಕೆ 42 ಮೈಕ್ರೋಸೆಕೆಂಡ್ ಮತ್ತು 53 ಮೈಕ್ರೋಸೆಕೆಂಡ್. ನಡುವೆ ಕಂದಕ.

ಕಂದಕ ಏಕೆ? ಗೆರೆಯ ಬಾಗು ತಿರುಗುವ ಜಾಗದಿಂದಾಗಿ. ಮಾಮೂಲಿ ಒತ್ತಡದಲ್ಲಿ 10 ಕೆಲ್ವಿನ್ ಶಕ್ತಿ ಒಂದು ಗಡಿ. ಅದಕ್ಕಿಂತ ಕೆಳಗಿನ ಫೋನಾನ್ ತಾನಾಗಿ ಒಡೆಯುತ್ತದೆ. ಒಡೆದ ತುಂಡು ಮತ್ತೆ ಒಡೆಯುತ್ತದೆ. ಮೇಲಿನದು ಒಡೆಯಲಾರದು, ದೂರ ಹೋಗುತ್ತದೆ. ಇನ್ನೂ ಸೊಗಸಾದ ಸಂಗತಿ ಎಂದರೆ ಆ ಹೆಚ್ಚು ಶಕ್ತಿಯ ಫೋನಾನ್‌ಗಳು ಹೀಟರ್‌ನಿಂದಲೇ ಬಂದವಲ್ಲ. ಹೋಗುತ್ತಿರುವ ಮಿಡಿತದ ಒಳಗೇ, ಚಿಕ್ಕ ಫೋನಾನ್‌ಗಳ ನಾಲ್ಕರ ಡಿಕ್ಕಿಯಿಂದ ಅವು ಹುಟ್ಟುತ್ತವೆ. ನಿಧಾನವಾದ್ದರಿಂದ ಮಿಡಿತದ ಹಿಂದೆ ಉಳಿಯುತ್ತವೆ. ಹಿಂದೆ ಉಳಿದ ಮೇಲೆ ಡಿಕ್ಕಿ ಹೊಡೆಯಲು ಅಲ್ಲಿ ಯಾರೂ ಇಲ್ಲ. ಹಾಗಾಗಿ ಬದುಕಿಕೊಳ್ಳುತ್ತವೆ. ಉಕ್ರೇನಿನ ಖಾರ್ಕಿವ್‌ನ ಆಡಮೆಂಕೊ ಮತ್ತು ಜೊತೆಗಾರರು ವಯಟ್ ಜೊತೆ ಸೇರಿ ಇದರ ಸಿದ್ಧಾಂತವನ್ನು ಹಂತಹಂತವಾಗಿ ಬೆಳೆಸಿದರು. ಫೋನಾನ್ ನಿಜವೇ ಎಂದು ಕೇಳಿದ ಹುಡುಗಿಗೆ ನನ್ನ ಉತ್ತರ ಈ ಎರಡು ಮಿಡಿತಗಳೇ. ಲೆಕ್ಕಕ್ಕೆ ಮಾತ್ರ ಇರುವ ವಸ್ತು ಹನ್ನೊಂದು ಮೈಕ್ರೋಸೆಕೆಂಡ್ ತಡವಾಗಿ ಬರುವುದಿಲ್ಲ.

ಒತ್ತಡ ಏರಿಸಿದರೆ ಮೇಲ್ಮುಖ ಬಾಗು ಸವೆಯುತ್ತಾ ಬರುತ್ತದೆ. 20 ಬಾರ್ (ಗಾಳಿಯ ಮಾಮೂಲಿ ಒತ್ತಡದ ಸುಮಾರು ಇಪ್ಪತ್ತು ಪಟ್ಟು) ಹತ್ತಿರ ಅದು ಪೂರ್ತಿ ಹೋಗುತ್ತದೆ. ಹೀಲಿಯಂ ಗಟ್ಟಿಯಾಗುವುದು 25 ಬಾರ್‌ಗೆ. ಅಂದರೆ ಅದೇ ದ್ರವ, ಅದೇ ಪಾತ್ರೆ. ಒತ್ತಡದ ತಿರುಪು ತಿರುಗಿಸಿ ಮೂರು ಫೋನಾನ್‌ಗಳ ಕ್ರಿಯೆಯನ್ನು ನಿಲ್ಲಿಸಬಹುದು. ಒಂದು ಮೂಲಭೂತ ಕ್ರಿಯೆಯನ್ನು ಹೀಗೆ ಕೈಯಾರೆ ಆರಿಸಿ ಹೊತ್ತಿಸುವ ಅವಕಾಶ ಭೌತವಿಜ್ಞಾನದಲ್ಲಿ ಬಹಳ ಕಡೆ ಸಿಗುವುದಿಲ್ಲ.

ಈಗ ಇವತ್ತಿನ ಪ್ರಶ್ನೆಗೆ ಬರೋಣ. ಬ್ರಹ್ಮಾಂಡದಲ್ಲಿರುವ ವಸ್ತುವಿನಲ್ಲಿ ಸುಮಾರು ಶೇ. 85ರಷ್ಟು ನಮಗೆ ಕಾಣದ ಡಾರ್ಕ್ ಮ್ಯಾಟರ್. ಅದನ್ನು ಹಿಡಿಯಲು ಟನ್‌ಗಟ್ಟಲೆ ದ್ರವ ಝೆನಾನ್ ಇಟ್ಟುಕೊಂಡು ಕಾಯುವ ಪ್ರಯೋಗಗಳಿವೆ. ಇನ್ನೂ ಏನೂ ಸಿಕ್ಕಿಲ್ಲ. ಆ ಕಣಗಳು ಪ್ರೋಟಾನ್‌ಗಿಂತಲೂ ಹಗುರವಾಗಿದ್ದರೆ ಭಾರವಾದ ಝೆನಾನ್ ಅಲುಗುವುದೇ ಇಲ್ಲ. ಹಗುರವಾದ ಹೀಲಿಯಂ ಅಲುಗಬಹುದು. ಅಲುಗಿದರೆ ಆ ಶಕ್ತಿಯ ಒಂದು ಪಾಲು ಫೋನಾನ್ ಮತ್ತು ರೋಟಾನ್‌ಗಳಾಗಿ ದ್ರವದಲ್ಲಿ ಹೊರಡುತ್ತದೆ. ಅವು ಮೇಲ್ಮೈ ತಲುಪಿ ಒಂದು ಹೀಲಿಯಂ ಪರಮಾಣುವನ್ನು ಹೊರಕ್ಕೆ ದೂಡಿದರೆ, ಮೇಲಿರುವ ಸಂವೇದಕ ಅದನ್ನು ಹಿಡಿಯುತ್ತದೆ. ಹೆರಾಲ್ಡ್ ಎಂಬ ಯೋಜನೆಯ ಮೂಲ ಕಲ್ಪನೆ ಇದು.

ಇಲ್ಲಿ ಆ ಬಾಗು ಮತ್ತೆ ಅಡ್ಡ ಬರುತ್ತದೆ. ಒಂದು ಪರಮಾಣುವನ್ನು ಮೇಲ್ಮೈಯಿಂದ ಕೀಳಲು ಬೇಕಾದ ಶಕ್ತಿ 7.16 ಕೆಲ್ವಿನ್. ಫೋನಾನ್‌ಗಳು ತಾವಾಗಿ ಒಡೆಯುವ ಗಡಿ 10 ಕೆಲ್ವಿನ್. ನಡುವಿನ ಫೋನಾನ್‌ಗೆ ಪರಮಾಣು ಕೀಳುವ ಶಕ್ತಿ ಇದೆ, ಆದರೆ ಮೇಲ್ಮೈ ತಲುಪುವ ಮೊದಲೇ ಅದು ಒಡೆದು ಕೈಲಾಗದ ತುಂಡುಗಳಾಗುತ್ತದೆ. ಆ ಸಂಕೇತ ಅಲ್ಲಿಗೆ ಕಳೆದುಹೋಯಿತು. ರೋಟಾನ್‌ಗಳೂ, 10 ಕೆಲ್ವಿನ್ ಮೇಲಿನ ಫೋನಾನ್‌ಗಳೂ ಬದುಕಿ ತಲುಪುತ್ತವೆ. ಹಾಗಾದರೆ ಒತ್ತಡ ಏರಿಸಿ ಒಡೆಯುವುದನ್ನೇ ನಿಲ್ಲಿಸಬಾರದೇ? ಒತ್ತಡ ಕೊಡಬೇಕಾದರೆ ಪಾತ್ರೆ ತುಂಬಿ ಮುಚ್ಚಬೇಕು. ಆಗ ಪರಮಾಣು ಹಾರಿಹೋಗಲು ತೆರೆದ ಮೇಲ್ಮೈಯೇ ಇರುವುದಿಲ್ಲ. ಗೋಡೆಯ ಮೂಲಕವೇ ಫೋನಾನ್‌ಗಳನ್ನು ಓದೋಣ ಎಂದರೆ ಅಲ್ಲಿ ಕಪಿತ್ಸಾ ತಡೆ ಕಾಯುತ್ತಿರುತ್ತದೆ. ಹೀಲಿಯಂ ಹಗುರ, ಅದರಲ್ಲಿ ಸದ್ದು ನಿಧಾನ. ಘನವಸ್ತುವಿನ ಗೋಡೆಗೆ ಬಡಿದ ಫೋನಾನ್ ಬಹುಪಾಲು ಹಿಂದಕ್ಕೆ ಪುಟಿಯುತ್ತದೆ. ನನ್ನ ಪ್ರಕಾರ ಈ ಇಕ್ಕಟ್ಟಿಗೆ ಹಣದಿಂದ ದಾರಿ ಸಿಗುವುದಿಲ್ಲ. ಫೋನಾನ್‌ಗಳ ಚದುರಿಕೆಯನ್ನು ತಿಳಿದವರು ವಿನ್ಯಾಸದ ಮೊದಲ ದಿನವೇ ಮೇಜಿನ ಸುತ್ತ ಇರಬೇಕು.

ಕ್ವಾಂಟಮ್ ಕಂಪ್ಯೂಟರ್‌ನ ಶೀತಕದಲ್ಲಿ ಕಥೆ ತಿರುಗುಮುರುಗು. ಅಲ್ಲಿ ಹೀಲಿಯಂ-3 ಬೆರಕೆಯಲ್ಲ, ಅದೇ ಕೆಲಸಗಾರ. ಸುಮಾರು 0.87 ಕೆಲ್ವಿನ್ ಕೆಳಗೆ ಹೀಲಿಯಂ-3 ಮತ್ತು ಹೀಲಿಯಂ-4ರ (ಅಂದರೆ ಸಾಮಾನ್ಯ ಹೀಲಿಯಂನ) ಮಿಶ್ರಣ ಎರಡು ಪದರಗಳಾಗಿ ಬೇರೆಯಾಗುತ್ತದೆ. ಎಷ್ಟೇ ತಣ್ಣಗೆ ಮಾಡಿದರೂ ಕೆಳಪದರದ ಹೀಲಿಯಂ-4ರಲ್ಲಿ ಶೇ. 6ಕ್ಕಿಂತ ಸ್ವಲ್ಪ ಹೆಚ್ಚು ಹೀಲಿಯಂ-3 ಕರಗಿಯೇ ಇರುತ್ತದೆ. ಮೇಲಿನಿಂದ ಕೆಳಕ್ಕೆ ದಾಟುವ ಹೀಲಿಯಂ-3 ಪರಮಾಣುಗಳು ಶಾಖ ಹೀರಿಕೊಳ್ಳುತ್ತವೆ. ಅಷ್ಟು ತಂಪಿನಲ್ಲಿ ಹೀಲಿಯಂ-4ರ ಫೋನಾನ್‌ಗಳು ತೀರಾ ವಿರಳವಾಗಿರುವುದರಿಂದಲೇ ಈ ಉಪಾಯ ನಡೆಯುತ್ತದೆ. ಕೊನೆಗೆ ಶಾಖವನ್ನು ಲೋಹದಿಂದ ದ್ರವಕ್ಕೆ ದಾಟಿಸುವಾಗ ಅದೇ ಕಪಿತ್ಸಾ ತಡೆ ಎದುರಾಗುತ್ತದೆ. ಶೀತಕ ಕಟ್ಟುವವರು ಬೆಳ್ಳಿಯ ಪುಡಿಯನ್ನು ಒತ್ತಿ ಕೂಡಿಸಿ ಮೇಲ್ಮೈ ಹೆಚ್ಚಿಸುವುದು ಈ ತಡೆಯ ಕಾರಣಕ್ಕೇ.

ಹೀಲಿಯಂ-3 ಬರುವುದು ಎಲ್ಲಿಂದ ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹತ್ತಿರದ್ದು. ಟ್ರಿಟಿಯಂ (ಹೈಡ್ರೋಜನ್‌ನ ವಿಕಿರಣಶೀಲ, ಭಾರವಾದ ರೂಪ) ಸುಮಾರು 12.3 ವರ್ಷಕ್ಕೆ ಅರ್ಧದಷ್ಟು ಕ್ಷಯಿಸಿ ಹೀಲಿಯಂ-3 ಆಗುತ್ತದೆ. ಭಾರಜಲ ಬಳಸುವ ರಿಯಾಕ್ಟರ್‌ಗಳಲ್ಲಿ ಆ ನೀರಿನಲ್ಲಿರುವ ಭಾರ ಹೈಡ್ರೋಜನ್, ಅಂದರೆ ಡ್ಯೂಟೀರಿಯಂ, ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಹೀಗೆ ಬಂದ ಟ್ರಿಟಿಯಂನ ದಾಸ್ತಾನಿನಿಂದ ಹೀಲಿಯಂ-3 ತೆಗೆದು ಮಾರುತ್ತಾರೆ. ಕಾರವಾರ ತಾಲೂಕಿನ ಕೈಗಾದಲ್ಲಿರುವ 220 ಮೆಗಾವಾಟ್‌ನ ನಾಲ್ಕು ಘಟಕಗಳೂ ಭಾರಜಲದವೇ. 700 ಮೆಗಾವಾಟ್‌ನ ಎರಡು ಹೊಸ ಘಟಕಗಳ ಯೋಜನೆಯೂ ಅದೇ ಬಗೆಯದು. ಕೈಗಾ ಬಗ್ಗೆ ಇಲ್ಲಿನ ಜನರಿಗೆ ಕಾಡಿನ, ಕಾಳಿ ನದಿಯ, ಆರೋಗ್ಯದ ಗಟ್ಟಿ ಪ್ರಶ್ನೆಗಳಿವೆ. ಅವಕ್ಕೆ ಉತ್ತರ ಸಿಗಲೇಬೇಕು. ಅದರ ಜೊತೆಗೇ, ಭಾರಜಲದ ರಿಯಾಕ್ಟರ್‌ಗಳನ್ನು ಇಷ್ಟು ವರ್ಷ ನಡೆಸಿದ ದೇಶ ತನ್ನ ಕ್ವಾಂಟಮ್ ಮಿಷನ್‌ಗೆ ಬೇಕಾದ ಹೀಲಿಯಂ-3ಕ್ಕೆ ಏನು ಯೋಜನೆ ಇಟ್ಟುಕೊಂಡಿದೆ ಎಂದೂ ಕೇಳಬೇಕು.

ಸಾಮಾನ್ಯ ಹೀಲಿಯಂನ ಕಥೆಯೂ ಸುಲಭದ್ದಲ್ಲ. ಭಾರತ ಬಹುತೇಕ ಎಲ್ಲವನ್ನೂ ಆಮದು ಮಾಡಿಕೊಳ್ಳುತ್ತದೆ. ಜಗತ್ತಿನ ದೊಡ್ಡ ಪಾಲು ಅಮೆರಿಕ ಮತ್ತು ಕತಾರ್‌ನಿಂದ. 2017ರಲ್ಲಿ ಕತಾರ್‌ಗೆ ನೆರೆಯ ದೇಶಗಳು ದಿಗ್ಬಂಧನ ಹಾಕಿದಾಗ ಅಲ್ಲಿನ ಹೀಲಿಯಂ ಘಟಕಗಳು ಕೆಲಕಾಲ ನಿಂತವು. ಅಮೆರಿಕ ಸರ್ಕಾರ ತನ್ನ ಹಳೆಯ ಹೀಲಿಯಂ ಸಂಗ್ರಹವನ್ನು 2024ರಲ್ಲಿ ಖಾಸಗಿಯವರಿಗೆ ಮಾರಿತು. ಎಂಆರ್‌ಐ ಯಂತ್ರಗಳೂ, ಪ್ರಯೋಗಾಲಯಗಳೂ ಇದೇ ಅನಿಲಕ್ಕೆ ಕೈಚಾಚುತ್ತವೆ. ಒಮ್ಮೆ ಗಾಳಿಗೆ ಬಿಟ್ಟ ಹೀಲಿಯಂ ಮೇಲೇರಿ ಕೊನೆಗೆ ಭೂಮಿಯನ್ನೇ ಬಿಟ್ಟುಹೋಗುತ್ತದೆ. ಹಾಗಾಗಿ ದ್ರವ ಹೀಲಿಯಂ ಬಳಸುವ ಪ್ರತಿ ಪ್ರಯೋಗಾಲಯದಲ್ಲೂ ಆವಿಯನ್ನು ಮರಳಿ ಹಿಡಿದು ದ್ರವ ಮಾಡುವ ಕೊಳವೆ ಜಾಲ ಇರಬೇಕು. ಮಿಷನ್‌ನ ಹಣದಲ್ಲಿ ಮೊದಲ ಪಾಲು ಅದಕ್ಕೆ ಹೋಗಲಿ, ಚಿಪ್ಪಿನ ಸರದಿ ಆಮೇಲೆ ಬರಲಿ. ಜೊತೆಗೆ ಧಾರವಾಡದಂಥ ವಿಶ್ವವಿದ್ಯಾಲಯಗಳ ಎಂಎಸ್ಸಿ ಪಾಠದಲ್ಲಿ ಶೀತ ಭೌತವಿಜ್ಞಾನಕ್ಕೆ ಪ್ರಯೋಗ ಸಹಿತ ಒಂದು ಸೆಮಿಸ್ಟರ್ ಸಿಗಲಿ. ಶಿರಸಿ, ಕಾರವಾರದ ಮಕ್ಕಳು ಎಂಎಸ್ಸಿಗೆ ಹೋಗುವುದು ಹೆಚ್ಚಾಗಿ ಅಲ್ಲಿಗೇ.